ಮೊಬೈಲಿನೊಳಗಿನ ಗಿಳಿ

ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿ ಇರುತ್ತಿರಲಿಲ್ಲ. ಏಳು ಸಮುದ್ರದ ಆಚೆ, ಪಂಜರದ ಗಿಳಿಯೊಂದರಲ್ಲಿ ಇರುತ್ತಿತ್ತು. ಧಾರಾವಿಯ ನಮ್ಮ ಒಂದೇ ಕೋಣೆಯಲ್ಲಿ ಅವಳ ಪಕ್ಕ ಮಲಗಿ, ಪ್ರತಿ ಮಾತಿಗೂ ‘ಹೂಂ’ ಎನ್ನುತ್ತ, ನಾನು ಆ ಗಿಳಿಯನ್ನು ಹುಡುಕಿ ಹೋಗುತ್ತಿದ್ದೆ. ಹೂಂ ನಿಂತರೆ ಅಜ್ಜಿಯ ಕಥೆಯೂ ನಿಲ್ಲುತ್ತಿತ್ತು.

ಹಾಗಾಗಿ, ಬಾಂದ್ರಾದಲ್ಲಿ ನಾನು ಕೆಲಸ ಮಾಡುವ ಕ್ಲಿನಿಕ್ಕಿನಿಂದ ಅವಳ ಕೈಗೆ ಕಟ್ಟುವ ಪಟ್ಟಿ ತಂದ ದಿನ ಬಾಯಿಗೆ ಬಂದದ್ದು ಗಿಳಿಯೇ. ಪ್ಲಾಸ್ಟಿಕ್ ಚೂರು ಮಾಡುವ ಕಾರ್ಖಾನೆಯ ಧೂಳು ಕುಡಿದು ಅಜ್ಜಿಯ ಶ್ವಾಸಕೋಶ ಹಾಳಾಗಿ ಎಷ್ಟೋ ವರ್ಷಗಳಾಗಿದ್ದವು. ವಾಚಿನಂತೆ ಮಣಿಕಟ್ಟಿಗೆ ಕಟ್ಟುವ ಆ ಪಟ್ಟಿ ರಕ್ತದ ಆಕ್ಸಿಜನ್ ಅಳೆದು ನನ್ನ ಮೊಬೈಲಿಗೂ ಡಾಕ್ಟರ ಕಂಪ್ಯೂಟರಿಗೂ ಕಳಿಸುತ್ತಿತ್ತು. ಅಂಕಿ ಕೆಳಗೇ ಉಳಿದರೆ ಮನೆಗೆ ಆಕ್ಸಿಜನ್ ಮಷಿನ್ ಕೊಡಿಸುವುದಾಗಿ ಡಾಕ್ಟರು ಹೇಳಿದ್ದರು.

“ನಿನ್ನ ಜೀವದ ಗಿಳಿ ಇನ್ನ ನನ್ನ ಮೊಬೈಲ್‌ನಾಗ ಇರ್ತದ, ಅಜ್ಜಿ.”

ಅಜ್ಜಿ ಪಟ್ಟಿಯನ್ನು ತಿರುಗಿಸಿ ನೋಡಿದಳು. “ಗಿಳಿ ಎಲ್ಲಿ ಅದ ಅಂತ ಗೊತ್ತಾದ ಮ್ಯಾಲೆ ರಾಕ್ಷಸ ಬದುಕಿದ್ದು ಯಾವ ಕಥ್ಯಾಗ ಕೇಳೀದಿ?”

“ನೀ ಏನು ರಾಕ್ಷಸ?”

“ನಿಮ್ಮವ್ವಗ ಕೇಳು.”

ಒಲೆಯ ಮುಂದಿದ್ದ ಅವ್ವ, ಅತ್ತೆಗೆ ಕೇಳಿಸದಂತೆ ನಕ್ಕಳು.

ಮೊದಮೊದಲು ಅಂಕಿ ಇಳಿಯುತ್ತಲೇ ಇತ್ತು. ಇಳಿದಾಗಲೆಲ್ಲ ಕ್ಲಿನಿಕ್ಕಿನಿಂದ ಫೋನ್ ಮಾಡುತ್ತಿದ್ದೆ: ಮಾತಾಡಬ್ಯಾಡ, ಏಳಬ್ಯಾಡ, ಬಾಗಿಲಿಗೆ ಹೋಗಬ್ಯಾಡ. ಆಮೇಲೆ ಒಂದು ದಿನ ಅಂಕಿ ಏರಿತು. ಏರಿ ಅಲ್ಲೇ ನಿಂತಿತು. ಕೌಂಟರಿನಲ್ಲಿ ಕೂತು ಅದನ್ನು ನೋಡುತ್ತ ನಾನು ಕನಸು ಕಟ್ಟಿದೆ. ಅಜ್ಜಿಯನ್ನು ಲೋಕಲ್ ಟ್ರೇನಿನಲ್ಲಿ ಮಾಟುಂಗಕ್ಕೆ ದೋಸೆ ತಿನ್ನಲು ಕರೆದೊಯ್ಯುತ್ತೇನೆ, ಸ್ಟೇಷನ್ನಿನ ಮೆಟ್ಟಿಲನ್ನು ಅವಳೇ ಹತ್ತುತ್ತಾಳೆ, ದೋಸೆ ಚೆನ್ನಾಗಿಲ್ಲ ಎನ್ನುತ್ತಾಳೆ. ಡಾಕ್ಟರೂ ಅಂಕಿ ನೋಡಿ, ಇವರಿಗೆ ಮಷಿನ್ ಬೇಕಿಲ್ಲ ಎಂದು ಅದನ್ನು ಬೇರೆಯವರಿಗೆ ಕೊಟ್ಟರು. ಆ ಮಧ್ಯಾಹ್ನ ರಜೆ ಹಾಕಿ, ಪೇಢೆ ಕಟ್ಟಿಸಿಕೊಂಡು ಮನೆಗೆ ಓಡಿದೆ.

ಅಜ್ಜಿ ಹೊಸ್ತಿಲ ಮೇಲೆ, ಮೊಣಕಾಲಿಗೆ ಕೈಯೂರಿ ಕೂತಿದ್ದಳು. ತುಟಿ ನೇರಳೆ ಹಣ್ಣು ತಿಂದಂತಿತ್ತು. ಪ್ರತಿ ಉಸಿರಿಗೂ ಕೊರಳ ಗುಳಿ ಒಳಗೆ ಹೋಗುತ್ತಿತ್ತು. ನನ್ನ ಕೈಯಲ್ಲಿದ್ದ ಮೊಬೈಲ್ ತೊಂಬತ್ತೆಂಟು ತೋರಿಸುತ್ತಿತ್ತು.

ಅವಳ ಮಣಿಕಟ್ಟಿನಲ್ಲಿ ಹಳೆಯ ಹಚ್ಚೆ ಮಾತ್ರ ಇತ್ತು.

ನಲ್ಲಿಯ ಕಡೆಯಿಂದ ಪಕ್ಕದ ಮನೆಯ ವಿನೋದಿನಿ ಎರಡು ಕೊಡ ಹಿಡಿದು ಬಂದಳು. ನನ್ನನ್ನು ಕಂಡು ನಿಂತಳು. ಎರಡೂ ಕೈಯಲ್ಲಿ ಕೊಡ. ತನ್ನ ಮಣಿಕಟ್ಟಿನಲ್ಲಿದ್ದ ಪಟ್ಟಿಯನ್ನು ಅಡಗಿಸಲು ಆಗಲಿಲ್ಲ.

“ಗುಸ್ಸಾ ಆಗಬ್ಯಾಡ ಶೀತಲ್. ಅಜ್ಜಿನೇ ಕಟ್ಟಿದ್ರು. ಮಧ್ಯಾಹ್ನ ನಾ ಅವ್ರ ಕಥಿ ಕೇಳ್ತೀನಿ. ಅವ್ರದೂ ಟೈಮ್‌ಪಾಸ್, ನಂದೂ ಟೈಮ್‌ಪಾಸ್.”

“ಅವ್ವಗ ಗೊತ್ತೇನು ಇದು?”

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. “ಆ ನಂಬರ್ ನೋಡಿ ನಿನಗೂ ಖುಷಿ ಇತ್ತಲ್ಲ,” ಎಂದಳು ಅವ್ವ, ಹೊರಗೆ ಬಾರದೆ. ಎದುರಿನ ಶಂಕ್ರೆಪ್ಪ ತಾನು ಹೊಲಿಯುತ್ತಿದ್ದ ಚರ್ಮದ ಚೀಲದೊಳಗೇ ಮುಖ ಹಾಕಿದ. ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

“ಕಥಿ ಶುರು ಮಾಡಿದ್ರ… ನಿನ್ನ ಫೋನು,” ಅಜ್ಜಿ ಉಸಿರು ಹೆಕ್ಕಿ ಹೆಕ್ಕಿ ಹೇಳಿದಳು. “ಬಾಗಲಿಗೆ ಬಂದ್ರ… ನಿನ್ನ ಫೋನು. ಹೂಂ ಅನ್ನೋಕಿನೇ… ಸುಮ್ನಿರು ಅಂತಾಳ. ಅದಕ್ಕ ಗಿಳಿ… ಬ್ಯಾರೆ ಕಡಿ ಇಟ್ಟೆ.”

“ನಿನ್ನ ದಮ್ಮು ಚೊಲೊ ಆಗ್ಯದ ಅಂತ ಮಷಿನ್ ಬ್ಯಾರೆಯವರಿಗೆ ಕೊಟ್ಟುಬಿಟ್ರು, ಅಜ್ಜಿ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಪೇಢೆಯ ಪೊಟ್ಟಣ ನೋಡಿದಳು.

ವಿನೋದಿನಿಯೇ ಟ್ಯಾಕ್ಸಿ ಹಿಡಿದು ತಂದಳು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದ ಮೇಲೆ ತುಟಿಯ ಬಣ್ಣ ನಿಧಾನವಾಗಿ ಮರಳಿತು. ಪಟ್ಟಿಯನ್ನು ನಾನೇ ಮತ್ತೆ ಅವಳ ಕೈಗೆ ಕಟ್ಟಿದೆ. ಮಷಿನ್ನಿಗೆ ಈಗ ಮತ್ತೆ ಸರದಿ ಕಾಯಬೇಕು.

ಮೂರನೆಯ ದಿನ ಸಂಜೆ ಅಜ್ಜಿ ಆಸ್ಪತ್ರೆಯ ಮಂಚದಲ್ಲಿ ದಿಂಬಿಗೆ ಒರಗಿ, ನನ್ನ ಕಡೆ ನೋಡಿ ಶುರು ಮಾಡಿದಳು. “ಒಂದೂರಾಗ ಒಬ್ಬ ರಾಕ್ಷಸ ಇದ್ದ.”

ಕಾದಳು.

ಮೊಬೈಲಿನಲ್ಲಿ ಅಂಕಿ ಒಂದು ಇಳಿಯಿತು. ಈ ಸಲ ಅದು ಅವಳದೇ ಅಂಕಿ. ಹೂಂ ಎಂದರೆ ಇನ್ನೂ ಇಳಿದೀತೆಂದು ಅಂಕಿಯನ್ನೇ ನೋಡುತ್ತ ಕೂತೆ.

“ಹೂಂ,” ಎಂದಳು ಮಂಚದ ಆ ಬದಿಯಿಂದ ವಿನೋದಿನಿ, ಅಭ್ಯಾಸವಾದವಳ ಹಾಗೆ.

ಅಜ್ಜಿ ಅವಳ ಕಡೆ ತಿರುಗಿ ಕಥೆ ಮುಂದುವರಿಸಿದಳು.