ಅತ್ತಿಗೆಯ ಕಂಪ್ಯೂಟರ್ ಮಾತ್ರ

"ವೈರು ಗಿರು ನೋಡೋದು ಆಮೇಲೆ. ಇಲ್ಲಿ ಕಳ್ಳತನ ಆಗ್ತಿದೆ, ಅದನ್ನ ಹಿಡಿದುಕೊಡಿ," ಎಂದರು ಯಜಮಾನರು, ನಾನು ಚೀಲ ಕೆಳಗಿಡುವ ಮೊದಲೇ.

ನೆಟ್‌ವರ್ಕ್ ರಿಪೇರಿಯವನು ನಾನು. ಕರೆಸಿದವರು ರೋಗವನ್ನು ತಾವೇ ಹೇಳಿ ಔಷಧವನ್ನಷ್ಟೇ ನನ್ನಿಂದ ಕೇಳುವುದು ಹೊಸದೇನಲ್ಲ. ಆದರೆ ಕಳ್ಳನನ್ನು ಕೇಳಿದವರು ಇವರೇ ಮೊದಲು.

ಅದು ಕಟ್ಟಡಗಳ ನಕ್ಷೆ ಬರೆಯುವ ಕಚೇರಿ. ನಕ್ಷೆಗಳೆಲ್ಲ ಮೂಲೆಯ ಸರ್ವರಿನಲ್ಲಿರುತ್ತವೆ, ಮೇಜಿನ ಕಂಪ್ಯೂಟರುಗಳಿಂದ ತೆರೆದು ತಿದ್ದುತ್ತಾರೆ. ಈಚೆಗೆ ಒಂದು ನಕ್ಷೆ ತೆರೆಯುವಷ್ಟರಲ್ಲಿ ಆಕಳಿಕೆ ಬಂದು ಹೋಗುತ್ತಿತ್ತು.

ಯಜಮಾನರು ತಮ್ಮ ಕೋಣೆಯ ಗಾಜಿನ ಬಾಗಿಲು ಎಳೆದುಕೊಂಡರು. "ಅಣ್ಣ ನನ್ನ ಹತ್ರ ಜಗಳ ಆಡ್ಕೊಂಡು ಹೋಗಿ ಎದುರುಗಡೆನೇ ಕಚೇರಿ ತೆಗೆದ. ಅವನು ಹೋದಾಗಿಂದ ನಮ್ಮ ಕಂಪ್ಯೂಟರ್‌ಗಳು ತೆವಳ್ತಿವೆ. ಈಗ ಅವನ ನಕ್ಷೆಯೊಂದರಲ್ಲಿ ನಮ್ಮ ತಿರುಗು ಮೆಟ್ಟಿಲು, ಇದ್ದ ಹಾಗೇ! ಇಲ್ಲಿ ಯಾರದು ತೆವಳ್ತಿಲ್ಲ ಗೊತ್ತಾ? ಅತ್ತಿಗೇದು."

"ಅಂದ್ರೆ, ಅಣ್ಣನವರ..."

"ಹೆಂಡ್ತಿ. ಅವನು ಹೋದ, ಇವರು ಇಲ್ಲೇ ಉಳಿದ್ರು. ಗಂಡ ಹೆಂಡ್ತಿಗೆ ಮಾತಿಲ್ಲ, ಅವನು ಮನೆನೂ ಬಿಟ್ಟಿದಾನೆ ಅಂತಾರೆ. ನಾಟಕ. ಇಲ್ಲಿನ ನಕ್ಷೆ ಅವನಿಗೆ ಕಳಿಸ್ತಿದಾರೆ, ಅದಕ್ಕೇ ನಮಗೆಲ್ಲ ನಿಧಾನ. ಸಂಜೆಯೊಳಗೆ ಸಾಕ್ಷಿ ಕೊಡಿ, ನಾಳೆಯಿಂದ ಅವರು ಬರೋದು ಬೇಡ."

ಹೊರಗೆ ಬಂದು ನೋಡಿದೆ. ಆಕೆ ಕನ್ನಡಕವನ್ನು ನೆತ್ತಿಗೇರಿಸಿ, ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದರು. ಬೆನ್ನ ಹಿಂದೆ ಯಾರೂ ಸುಳಿಯದಂಥ ಜಾಗ. ಇರಬಹುದು ಅನ್ನಿಸಿತು ನನಗೂ.

ಮೊದಲು ಸರ್ವರಿನಿಂದ ದೊಡ್ಡದೊಂದು ಫೈಲನ್ನು ಪ್ರತಿಯೊಂದು ಕಂಪ್ಯೂಟರಿಗೂ ಕಾಪಿ ಮಾಡಿದೆ. ಸರಕ್ಕನೆ ಬಂತು. ಅಂದರೆ ವೈರಿನ ದಾರಿ ಅಗಲವಾಗಿಯೇ ಇತ್ತು, ನಡೆಯುವವನೇ ಎಲ್ಲೋ ನಿಲ್ಲುತ್ತಿದ್ದ. ಬಾಗಿಲ ಬಳಿ ಕೂರುವ, ಎಲ್ಲರೂ ಸ್ಕೇಲು ಎಂದು ಕರೆಯುವ ಉದ್ದನೆಯ ನಕ್ಷೆಗಾರನಿಗೆ ಒಂದು ನಕ್ಷೆ ತೆರೆಯಲು ಹೇಳಿದೆ. ಪರದೆ ಬೆಳ್ಳಗಾಗಿ ಹಾಗೇ ನಿಂತಿತು. ಬಹಳ ಹೊತ್ತಿನ ಮೇಲೆ ಪುಟ್ಟ ಎಚ್ಚರಿಕೆಯೊಂದು ಮೂಡಿತು. ಓದುವಷ್ಟರಲ್ಲಿ ಅವನು ಅದನ್ನು ಒತ್ತಿ ಓಡಿಸಿದ್ದ.

"ಏನದು?"

"ಯಾರಿಗ್ಗೊತ್ತು ಸಾರ್, ಯಾವಾಗ್ಲೂ ಬರುತ್ತೆ. ನೊಣ ಇದ್ದ ಹಾಗೆ."

ಅತ್ತಿಗೆಯ ಮೇಜಿಗೆ ಹೋದೆ. ಅವರ ನಕ್ಷೆ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ನೊಣ ಬರಲಿಲ್ಲ.

"ನಿಮ್ಮದು ಮಾತ್ರ ಹೇಗೆ ಮೇಡಂ ಇಷ್ಟು ಬೇಗ?"

"ಬೇಗ ಇರೋದನ್ನೂ ರಿಪೇರಿ ಮಾಡ್ತೀರಾ?" ಎಂದರು, ಮುಖ ತಿರುಗಿಸದೆ.

ಉತ್ತರ ತಪ್ಪಿಸುವವರ ಮಾತು. ನನ್ನ ಲ್ಯಾಪ್‌ಟಾಪನ್ನು ಎಲ್ಲ ವೈರುಗಳು ಬಂದು ಸೇರುವ ಪೆಟ್ಟಿಗೆಗೆ ಜೋಡಿಸಿದೆ. ಯಾವ ಕಂಪ್ಯೂಟರ್ ಯಾರನ್ನು ಕರೆಯುತ್ತಿದೆ ಎಂಬುದು ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಯಜಮಾನರು ಬಂದು ನನ್ನ ಹೆಗಲ ಮೇಲೆ ಉಸಿರು ಬಿಡತೊಡಗಿದರು. ಅತ್ತಿಗೆಯ ಕಂಪ್ಯೂಟರ್ ಸರ್ವರನ್ನು ಕರೆಯುತ್ತಿತ್ತು. ಬೇರೆ ಯಾರನ್ನೂ ಇಲ್ಲ.

"ಬಚ್ಚಿಟ್ಟಿರ್ತಾರೆ. ಸರಿಯಾಗಿ ನೋಡಿ," ಎಂದು ಪಿಸುಗುಟ್ಟಿದರು.

ಉಳಿದವರದನ್ನು ನೋಡಿದೆ. ಪ್ರತಿ ಬಾರಿ ನಕ್ಷೆ ತೆರೆದಾಗಲೂ ಆ ಕಂಪ್ಯೂಟರುಗಳು 'ಕಿಟಕಿ' ಎಂಬ ಹೆಸರನ್ನು ಕೂಗುತ್ತಿದ್ದವು. ಉತ್ತರಕ್ಕೆ ಕಾದು, ಮತ್ತೆ ಕೂಗಿ, ಸೋತು, ಆಮೇಲೆ ನಕ್ಷೆ ತೆರೆಯುತ್ತಿದ್ದವು.

"ಕಿಟಕಿ ಯಾರು?" ಎಂದೆ.

ಎಲ್ಲರೂ ಯಜಮಾನರ ಕಡೆ ನೋಡಿದರು. ಸ್ಕೇಲು ಗಂಟಲು ಸರಿಮಾಡಿಕೊಂಡ. "ಕೂರೋ ಜಾಗದ ಹೆಸರೇ ಕಂಪ್ಯೂಟರ್‌ಗೂ ಇಟ್ಟಿದ್ವಿ ಸಾರ್. ನಂದು ಬಾಗಿಲು. ಕಿಟಕಿ... ದೊಡ್ಡ ಸಾರ್‌ದು."

ಕಿಟಕಿಯ ಕೆಳಗೆ ಖಾಲಿ ಮೇಜೊಂದಿತ್ತು. ಅಣ್ಣ ಹೋಗುವಾಗ ತನ್ನ ಕಂಪ್ಯೂಟರನ್ನೂ ಹೊತ್ತೊಯ್ದಿದ್ದ.

"ನೋಡಿದ್ರಾ! ಅವನಿಗೇ ಹೋಗ್ತಿದೆ!" ಯಜಮಾನರು ಮೇಜು ಗುದ್ದಿದರು.

"ಹೋಗ್ತಿಲ್ಲ ಸಾರ್, ಇಲ್ಲದವರನ್ನ ಕರೀತಿವೆ. ಅತ್ತಿಗೆಯವರದು ಬಿಟ್ಟು ಎಲ್ಲರದೂ. ಎಲ್ಲಕ್ಕಿಂತ ಜಾಸ್ತಿ ನಿಮ್ಮದು."

ಸ್ಕೇಲಿನ ನಕ್ಷೆಯನ್ನು ಕೆದಕಿ ನೋಡಿದಾಗ ಗೊತ್ತಾಯಿತು: ನಕ್ಷೆಯ ಸುತ್ತ ಬರುವ, ಕಚೇರಿಯ ಹೆಸರೂ ಅಣ್ಣನ ಹೆಸರೂ ಇರುವ ಚೌಕಟ್ಟು ಆ ಕಿಟಕಿ ಕಂಪ್ಯೂಟರಿನಲ್ಲಿತ್ತು. ಎಲ್ಲ ನಕ್ಷೆಗಳೂ ಅದನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತಿದ್ದವು. ಅಣ್ಣ ಹೋದ ಮೇಲೆ ಯಜಮಾನರು ತಮ್ಮ ಹೆಸರಿನ ಹೊಸ ಚೌಕಟ್ಟು ಮಾಡಿಸಿದರು. ಆದರೆ ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರು. ಎಲ್ಲರೂ ಹಾಗೇ ಮಾಡಿದ್ದರು, ಒಬ್ಬರನ್ನು ಬಿಟ್ಟು.

"ನೀವು ಯಾವಾಗ ತೆಗೆದ್ರಿ?" ಅತ್ತಿಗೆಯ ಕಡೆ ತಿರುಗಿದ ಯಜಮಾನರ ದನಿ ಇಳಿದಿತ್ತು.

"ಅವರು ಹೋದ ಮಾರನೇ ದಿನ."

"ನಮಗ್ಯಾಕೆ ಹೇಳ್ಲಿಲ್ಲ?"

"ಗಂಡನ ಹೆಸರು ಅಳಿಸಿದೆ ಅಂತ ಡಂಗುರ ಹೊಡೀಬೇಕಿತ್ತಾ?"

"ಮತ್ತೆ ಆ ಮೆಟ್ಟಿಲು?"

"ಅದನ್ನ ಬರೆದಿದ್ದೇ ಅವರು ಕಣೋ. ತಲೇಲಿಟ್ಕೊಂಡು ಹೋದ್ರು. ಅದಕ್ಕೆ ವೈರು ಬೇಕಾ?"

ಆಕೆ ಎದ್ದು ಮೈದುನನ ಕೋಣೆಗೆ ಹೋಗಿ ನಕ್ಷೆಯೊಂದನ್ನು ತೆರೆದು, ಕಾದು, ಅಡಿಯಲ್ಲಿದ್ದ ಹಳೆಯ ಚೌಕಟ್ಟನ್ನು ಹುಡುಕಿ ತೆಗೆದರು. ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. "ಇದನ್ನ ನೀನೇ ಒತ್ತು," ಎಂದು ಸರಿದು ನಿಂತರು. ಯಜಮಾನರು ಮೌಸಿನ ಮೇಲೆ ಕೈಯಿಟ್ಟರು. ಕೈ ಅಲ್ಲೇ ಉಳಿಯಿತು.

"ನಾಳೆ ಮಾಡಿದ್ರಾಯ್ತು."

"ನಾಳೆ ನಾನು ಬರಬೇಕೋ ಬೇಡ್ವೋ?"

ಅಂದರೆ ಗಾಜಿನ ಬಾಗಿಲ ಹಿಂದೆ ಆಡಿದ್ದೆಲ್ಲ ಅತ್ತಿಗೆಗೆ ಗೊತ್ತಿತ್ತು. ಯಜಮಾನರು ಪರದೆಯನ್ನೇ ನೋಡುತ್ತ, "ಬನ್ನಿ," ಎಂದರು.

"ಬರ್ತೀನಿ. ಆದ್ರೆ ನನ್ನ ಪರದೆ ಗೋಡೆ ಕಡೆಗೇ ಇರುತ್ತೆ."

ನಾನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದೆ. ಹಿಂದೆ ಚಪ್ಪಲಿ ಸದ್ದಾಯಿತು. ಯಜಮಾನರು ಮೇಲೊಮ್ಮೆ ನೋಡಿ, ದನಿ ತಗ್ಗಿಸಿದರು.

"ಅಳಿಸಿದ್ದು ನಿಜವಾಗ್ಲೂ ಮಾರನೇ ದಿನಾನೇನಾ? ಇವತ್ತು ನೀವು ಬರ್ತೀರಿ ಅಂತ ಗೊತ್ತಾಗಿ ಅಳಿಸಿದ್ರೆ? ತಾರೀಕು ನೋಡೋಕಾಗುತ್ತಾ?"

"ಆಗುತ್ತೆ. ನಿಮ್ಮ ಕಂಪ್ಯೂಟರಲ್ಲಿ ಅತ್ತಿಗೆಯವರ ನಕ್ಷೆಗಳ ಹಳೇ ಪ್ರತಿಗಳನ್ನೆಲ್ಲ ತೆಗೆದು ನೋಡ್ಬೇಕು. ಹಳೇ ಚೌಕಟ್ಟು ಇರೋದು ಒಂದೊಂದೂ ಕಿಟಕಿಯನ್ನ ಕೂಗಿ ಕಾಯುತ್ತೆ, ತುಂಬ ಹೊತ್ತಾಗುತ್ತೆ ಸಾರ್."

"ಪರವಾಗಿಲ್ಲ," ಎಂದರು. "ಕಾಯ್ತೀನಿ."