ಪುಡಿ ಹಾಕದ ಸಾಲು ಯಾವ್ದು?

ಮಾಯಾ ಮೇಡಂ ಏಳು ವರ್ಷದೋಳಿದ್ದಾಗ ಪೂರ್ವ ಬಂಗಾಳದಿಂದ ಅಪ್ಪನ ಹೆಗಲ ಮೇಲೆ ಕೂತು ಓಡಿಬಂದೋರು. ನಿರಾಶ್ರಿತರ ಕ್ಯಾಂಪಲ್ಲಿ ಕೊಳೆತು ಕೊಳೆತು, ಕೊನೆಗೆ ಅಪ್ಪನಿಗೆ ರೈಲ್ವೆ ಕೆಲ್ಸ ಸಿಕ್ಕಿ ಬೀರೂರು ಸೇರಿದ್ರು. ಕನ್ನಡ ಕಲ್ತಿದ್ದು ಪ್ಲಾಟ್‌ಫಾರ್ಮಲ್ಲಿ ಕಡ್ಲೆಕಾಯಿ ಮಾರೋರ ಹತ್ರ. ಆಮೇಲೆ ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ. ಆಮೇಲೆ ತರೀಕೆರೆಯ ಒಂದು ರೈತರ ಮಾಸಪತ್ರಿಕೆಗೆ ನಲವತ್ತು ವರ್ಷದಿಂದ ಸಂಪಾದಕಿ. ಈಗ ಎಂಬತ್ತು ದಾಟಿದೆ, ದಡ್ಡರನ್ನ ಸಹಿಸೋ ತಾಳ್ಮೆ ಮಾತ್ರ ಆಗ್ಲೂ ಇರ್ಲಿಲ್ಲ, ಈಗ್ಲೂ ಇಲ್ಲ.

ಹೋದ ವರ್ಷ ಆ ಪತ್ರಿಕೇನ ಕೊಂಡ್ಕೊಂಡು ಮಾಲೀಕ ಆದೋನು ಷಣ್ಮುಖಪ್ಪ, ಕಡೂರಲ್ಲಿ ಗೊಬ್ಬರದಂಗಡಿ ಇಟ್ಟೋನು. ಒಂದಿನ ಒಂದು ಲೇಖನ ತಂದ. ತೆಂಗಿನ ನುಸಿರೋಗಕ್ಕೆ ಅವನೇ ಮಾರೋ ಪುಡಿ ಬಗ್ಗೆ, ಅವನೇ ಬರ್ದಿದ್ದು.

"ಓದೋ ಕಷ್ಟ ಬೇಡ ಮೇಡಂ, ಹಂಗೇ ಹಾಕ್ಬಿಡಿ. ಭಾನುವಾರ ನಿಮಗೆ ಸನ್ಮಾನ ಬೇರೆ ಇದೆ."

ಮೇಡಂ ಓದಿದ್ರು, ಅಜ್ಜಂಪುರದ ಮಂಡಿಲಿ ಕೊಳೆತ ಈರುಳ್ಳಿ ಮೂಸ್ದಂಗೆ ಮುಖ ಮಾಡ್ಕೊಂಡು. ಯಾವ ಔಷಧಿ ಲೇಖನ ಬಂದ್ರೂ ಅವರು ಕೇಳೋದು ಒಂದೇ, ಹೋಲಿಸಿ ನೋಡೋಕೆ ಹಾಕದೆ ಬಿಟ್ಟಿದ್ದು ಯಾವ್ದು ಅಂತ.

"ಪುಡಿ ಹಾಕದ ಸಾಲು ಯಾವ್ದಪ್ಪಾ?"

"ಯಾವ್ದೂ ಇಲ್ಲ. ದೇವ್ರ ಮುಂದಿಟ್ಟು ಪೂಜೆ ಮಾಡ್ಸಿದ ಪುಡಿ ಮೇಡಂ. ಒಂದು ಸಾಲು ಬಿಟ್ರೆ ಅಪಚಾರ ಆಗಲ್ವಾ? ಪಂಕ್ತಿಲಿ ಒಬ್ಬನಿಗೆ ಬಡಿಸದೆ ಮುಂದೆ ಹೋದಂಗೆ."

"ಹಾಕಿದ್ದು ಯಾವಾಗ?"

"ಮಳೆ ಹಿಡಿಯೋಕೆ ಮುಂಚೆ."

"ಮಳೆ ಬಂದ್ರೆ ನುಸಿ ತಾನೇ ಕಮ್ಮಿ ಆಗತ್ತೆ. ಮಳೆಗೇ ಸನ್ಮಾನ ಮಾಡು, ಹೋಗು."

"ಲಿಂಗದಹಳ್ಳಿ ಕಡೆ ಊರಿಗೂರೇ ಹೇಳ್ತಿದೆ, ಗುಣ ಆಯ್ತು ಅಂತ."

ಮೇಡಂ ಕನ್ನಡಕ ತೆಗೆದ್ರು. "ಕ್ಯಾಂಪಿಗೆ ಕಾಲರಾ ಬಂದಾಗ ಒಬ್ಬ ಎಲ್ರಿಗೂ ಮಂತ್ರಿಸಿದ ನೀರು ಕುಡಿಸ್ದ. ಬದುಕಿದೋರೆಲ್ಲ ಅವನ ಕಾಲಿಗೆ ಬಿದ್ರು. ನನ್ನ ತಮ್ಮನೂ ಕುಡ್ದಿದ್ದ. ಎದ್ದು ಬಂದು ದೂರು ಹೇಳೋಕೆ ಅವನಿರ್ಲಿಲ್ಲ, ಅಷ್ಟೇ."

ಷಣ್ಮುಖಪ್ಪ ಲೊಚಗುಟ್ಟಿದ. "ಪಾಪ. ಇದನ್ನ ವೇದಿಕೆ ಮೇಲೂ ಹೇಳಿ ಮೇಡಂ, ಜನ ಅತ್ಬಿಡ್ತಾರೆ. ಆಮೇಲೆ ಪುಡಿ ವಿಷ್ಯ ನಾನು ಮಾತಾಡ್ತೀನಿ."

ಇಂಥ ಬಂಡೆಗೆ ಏನು ಹೇಳೋದು. ಪತ್ರಿಕೆ ಅವಂದು, ಅಚ್ಚು ಹಾಕೇ ಹಾಕ್ತಾನೆ. ಮೇಡಂ ಮೊದಲ ಪುಟದ ಪ್ರೂಫ್ ಎಳ್ಕೊಂಡು 'ಸಂಪಾದಕಿ' ಅಂತಿದ್ದ ಸಾಲನ್ನ ಹೆಸರು ಸಮೇತ ಹೊಡೆದು ಹಾಕಿದ್ರು.

"ಅಯ್ಯೋ, ನಿಮ್ಮ ಹೆಸ್ರಿಲ್ದೆ ಯಾರು ನಂಬ್ತಾರೆ ಮೇಡಂ?"

"ಅದಕ್ಕೇ ಕಣಪ್ಪಾ."

ಅವರು ಚಪ್ಪಲಿ ಮೆಟ್ಕೊಂಡು ಬೀರೂರು ಬಸ್ಸಿಗೆ ಹೊರಟ್ರು. ಅವರಿನ್ನೂ ಮೆಟ್ಲು ಇಳೀತಿದ್ದಂಗೇ ಷಣ್ಮುಖಪ್ಪ ಸನ್ಮಾನದ ಬ್ಯಾನರ್‌ನೋನಿಗೆ ಫೋನ್ ಹಚ್ಚಿದ್ದ, ಮೇಡಂ ಜಾಗದಲ್ಲಿ ಅದೇ ಸೈಜಲ್ಲಿ ಬೇರೆ ಯಾರಾದ್ರೂ ವಯಸ್ಸಾದೋರ ಫೋಟೋ ಕೂರತ್ತಾ ಅಂತ.