ಕಾಗೆ ಮರದ ಕೆಳಗೆ

ನಮ್ಮ ಗಾಲ್ಫ್ ಮೈದಾನದಲ್ಲಿ ವರ್ಷಕ್ಕೊಂದು ಸಲ ದೊಡ್ಡ ಟೂರ್ನಿ ನಡೆಯುತ್ತದೆ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರು ಎಲ್ಲೆಲ್ಲಿಂದಲೋ ಬಂದು ಆಡುತ್ತಾರೆ. ಈ ಟೂರ್ನಿಯ ಚರಿತ್ರೆ ಬೇಕು ಅಂದರೆ ಕ್ಲಬ್ಬಿನ ಆಫೀಸಿಗೆ ಹೋಗಬೇಡಿ. ಅಲ್ಲಿ ಗಾಜಿನ ಕಪಾಟಿನೊಳಗೆ ಒಂದು ಬೆಳ್ಳಿ ಕಪ್ಪಿದೆ, ಕಪ್ಪಿನ ಮೇಲೆ ಗೆದ್ದವರ ಹೆಸರಿದೆ, ಅಷ್ಟೇ. ಸೋತವರದ್ದು, ಚೀಲ ಹೊತ್ತವರದ್ದು ಬೇಕು ಅಂದರೆ ಹಿಂದುಗಡೆ ಕ್ಯಾಡಿಗಳ ಶೆಡ್ಡಿಗೆ ಬರಬೇಕು. ಅಲ್ಲಿ ಹುಲ್ಲು ಕತ್ತರಿಸುವ ಗಾಡಿಯ ಡ್ರೈವರ್ ಒಬ್ಬ ಟೀ ಕುಡಿಯುತ್ತ ಕೂತಿರುತ್ತಾನೆ. ಅವನೇ ನಾನು.

ಶೆಡ್ಡಿನ ಗೋಡೆ ತುಂಬ ಬಾವುಟ. ಚೆಂಡು ಬೀಳಿಸಬೇಕಾದ ಗುಳಿಗಳಲ್ಲಿ ಕಡೆಯದರಲ್ಲಿ ನೆಟ್ಟಿದ್ದ ಬಾವುಟವನ್ನು ಗೆದ್ದವನ ಕ್ಯಾಡಿಗೆ ಕೊಡುವುದು ನಮ್ಮ ಪದ್ಧತಿ. ಕಪ್ಪು ಆಡಿದವನಿಗೆ, ಬಾವುಟ ಚೀಲ ಹೊತ್ತವನಿಗೆ. ಹಳೆಯವು ಬಣ್ಣ ಹೋಗಿ ಒಗೆದೊಗೆದು ಸವೆದ ಕರವಸ್ತ್ರದ ಹಾಗಾಗಿವೆ. ಯಾರಾದರೂ ಹೊಸಬರು ಬಂದು ಬಾವುಟದ ಕಡೆ ಕೈ ತೋರಿಸಿದರೆ ಸಾಕು, ನನ್ನ ಬಾಯಿಗೆ ಬೀಗವಿಲ್ಲ.

ಮೊದಲನೆಯ ವರ್ಷ ಇಲ್ಲಿ ಹುಲ್ಲು ಕತ್ತರಿಸಲು ಗಾಡಿ ಇರಲಿಲ್ಲ, ಮೇಕೆಗಳಿದ್ದವು. ಒಂದು ಮೇಕೆ, ಆಟದಲ್ಲಿ ಮುಂದಿದ್ದವನ ಚೆಂಡನ್ನೇ ನುಂಗಿತು. ತೀರ್ಪುಗಾರರು ನಿಯಮದ ಪುಸ್ತಕ ತಿರುವಿ ತಿರುವಿ ನೋಡಿದರು, ಮೇಕೆಯ ವಿಷಯ ಎಲ್ಲೂ ಇರಲಿಲ್ಲ. ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿಂದ ಆಡು ಅಂದರು. ಎಲ್ಲರೂ ಮೇಕೆಯ ಹಿಂದೆ ನಡೆದರು. ಅದು ಮೇಯುತ್ತ ಮೇಯುತ್ತ ಹೋಗಿ ಗುಳಿಯ ಪಕ್ಕದಲ್ಲೇ ಹೊಟ್ಟೆ ಹಗುರ ಮಾಡಿಕೊಂಡಿತು. ಅವನು ಗೆದ್ದ. ಇನ್ನೊಂದು ವರ್ಷ ಗಾಳಿ ಎಂಥದು ಅಂದರೆ, ತೀರ್ಪುಗಾರರು ಕೂತಿದ್ದ ಡೇರೆ ಕುರ್ಚಿ ಮೇಜು ಸಮೇತ ಎದ್ದು ಪಕ್ಕದ ಊರಿಗೆ ಹೋಯಿತು. ಇಳಿದಾಗ ಅವರ ಲೋಟದಲ್ಲಿದ್ದ ಟೀ ಇನ್ನೂ ಬಿಸಿಯಾಗಿತ್ತು.

ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಕಾಗೆ ಕತೆ ಹೇಳಿ" ಅಂತ. ಆ ಕತೆ ನನ್ನ ಅಣ್ಣನದು.

ಅಣ್ಣ ಕ್ಯಾಡಿ. ಆಟಗಾರನ ಕೋಲುಗಳ ಚೀಲ ಹೊರುವುದು, ಗಾಳಿ ನೋಡಿ ಯಾವ ಕೋಲು ಅಂತ ಹೇಳುವುದು, ಚೆಂಡು ಪೊದೆಗೆ ಹೋದರೆ ಹುಡುಕುವುದು, ಇದು ಅವನ ಕೆಲಸ. ಅವನು ಹೊರುತ್ತಿದ್ದದ್ದು ಒಬ್ಬರದೇ ಚೀಲ. ಅವರನ್ನು ನಾವು ಗಡಿಯಾರ ಅನ್ನುತ್ತಿದ್ದೆವು. ಕೋಲು ಬೀಸಿದರೆ ಗೋಡೆ ಗಡಿಯಾರದ ಲೋಲಕದ ಹಾಗೆ, ಈ ಸಲಕ್ಕೂ ಆ ಸಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಷ್ಟು ಚೆನ್ನಾಗಿ ಆಡಿದರೂ ಯಾವಾಗಲೂ ಎರಡನೆಯವರು, ಇಲ್ಲ ಮೂರನೆಯವರು. ಒಂದು ವರ್ಷ ಮಾತ್ರ ಕಡೆಯ ದಿನ ಎಲ್ಲರಿಗಿಂತ ಮುಂದಿದ್ದರು. ಅವತ್ತು ಬೆಳಿಗ್ಗೆ ಅತ್ತಿಗೆ ಮನೆಯ ನಡುಗೋಡೆಗೆ ಒಂದು ಮೊಳೆ ಹೊಡೆದರು. ಶೆಡ್ಡಿಗೆ ಹೋಗುವ ಮುಂಚೆ ಬಾವುಟ ಒಂದು ದಿನವಾದರೂ ನಮ್ಮ ಮನೆಯಲ್ಲಿರಲಿ ಅಂತ ಅವರ ಆಸೆ.

ಗುಳಿಗಳು ಇನ್ನು ಕೆಲವೇ ಉಳಿದಿದ್ದವು. ಗಡಿಯಾರದವರ ಚೆಂಡು ಒಂಟಿ ಮರದ ಬುಡದ ಎತ್ತರದ ಹುಲ್ಲಿಗೆ ಬಿತ್ತು. ಅಣ್ಣ ಓಡಿಹೋಗಿ ಹುಡುಕಿದ. ಹುಡುಕುತ್ತ ಚೆಂಡಿನ ಮೇಲೇ ಕಾಲಿಟ್ಟ. ಆಗಿನ ಕಾಲಕ್ಕೆ ಆಟಗಾರನ ಸ್ವಂತ ಕ್ಯಾಡಿಯ ಕಾಲು ತಾಗಿ ಚೆಂಡು ಅಲುಗಿದರೆ ಒಂದು ಹೊಡೆತ ದಂಡ. ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆಲ್ಲುವ ಆಟ ಇದು. ಸುತ್ತ ಯಾರೂ ನೋಡಿರಲಿಲ್ಲ.

"ಸಾರ್, ನನ್ನ ಕಾಲು ತಾಗ್ತು" ಅಂದ ಅಣ್ಣ.

ಗಡಿಯಾರದವರು ತಾವೇ ಕೈ ಎತ್ತಿ ತೀರ್ಪುಗಾರರನ್ನು ಕರೆದು ದಂಡ ಬರೆಸಿದರು. ಸಂಜೆ ಸೋತದ್ದು ಆ ಒಂದೇ ಹೊಡೆತಕ್ಕೆ. ಅವರು ಅಣ್ಣನಿಗೆ ಬೈಯಲಿಲ್ಲ. ಮಾತೇ ಆಡಲಿಲ್ಲ. ಅಣ್ಣನ ಹೆಗಲಿನಿಂದ ಚೀಲ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡು ಕಾರಿನವರೆಗೆ ನಡೆದುಹೋದರು. ಆಮೇಲೆ ಎಷ್ಟೋ ವರ್ಷ ಈ ಮೈದಾನಕ್ಕೆ ಬರಲೇ ಇಲ್ಲ.

"ಬೈದಿದ್ರೆ ಊಟ ಸೇರ್ತಿತ್ತು" ಅಂದ ಅಣ್ಣ ಅವತ್ತು, ತಟ್ಟೆ ಸರಿಸಿ. "ಚೀಲ ಕಿತ್ಕೊಂಡುಬಿಟ್ರು ಕಣೋ."

ಮತ್ತೆ ಅವನು ಯಾರ ಚೀಲವನ್ನೂ ಹೊರಲಿಲ್ಲ. ಕ್ಲಬ್ಬಿನಲ್ಲೇ ನೀರಿನ ಪೈಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಆದರೆ ಶೆಡ್ಡಿನಲ್ಲಿ ಜನ ಬಿಡಬೇಕಲ್ಲ. ಅವನು ಬಂದರೆ ಸಾಕು, "ಕಾಲಣ್ಣ ಬಂದ, ಲೋಟ ಎತ್ತಿಟ್ಕೊಳ್ರೋ, ತುಳಿದಾನು" ಅಂತ ನಗುತ್ತಿದ್ದರು. ಅಣ್ಣ ತಲೆ ತಗ್ಗಿಸಿ ಪೈಪು ಎಳೆದುಕೊಂಡು ಹೋಗುತ್ತಿದ್ದ. ನನಗೆ ನೋಡಲಾಗಲಿಲ್ಲ. ಒಂದು ದಿನ ಬೆಂಚಿನ ಮೇಲೆ ಕಾಲು ಮಡಚಿ ಕೂತು ಶುರು ಮಾಡಿದೆ.

"ಕಾಲೂ ಇಲ್ಲ ಕೈಯೂ ಇಲ್ಲ, ಅದು ಕಾಗೆ ಕೆಲಸ. ನಾನೇ ನೋಡ್ದೆ. ಆ ಮರದ ಕಾಗೆ ಸಂಸಾರಸ್ಥ ಕಾಗೆ. ಹೆಂಡತಿ ಮೊಟ್ಟೆ ಇಟ್ಟಿಲ್ಲ ಅಂತ ಅತ್ತೆ ದಿನಾ ಹಂಗಿಸ್ತಿದ್ಲು. ಬೆಳ್ಳಗೆ ದುಂಡಗೆ ಚೆಂಡು ಬಿದ್ದಿದ್ದು ಕಂಡಿದ್ದೇ ತಡ, ಎತ್ಕೊಂಡು ಹೋಗಿ ಗೂಡಲ್ಲಿಟ್ಟು, 'ತಗೊಳಮ್ಮ ಮೊಮ್ಮಗು' ಅಂತು."

"ನೋಡಿದ್ದವನು ಕೂಗಬಾರದಿತ್ತಾ?" ಅಂದ ಒಬ್ಬ.

"ಬಾಯಿ ತುಂಬ ಬನ್ನಿತ್ತು ಕಣಯ್ಯ."

ಶೆಡ್ಡು ಬಿದ್ದು ಬಿದ್ದು ನಕ್ಕಿತು. ಮುಂದಿನ ವಾರ ಕಾಲಣ್ಣ ಅನ್ನುವ ಹೆಸರು ಹೋಯಿತು. ಒಂಟಿ ಮರಕ್ಕೆ ಕಾಗೆ ಮರ ಅಂತ ಹೆಸರಾಯಿತು. ವರ್ಷ ವರ್ಷ ಕತೆ ಬೆಳೆಯಿತು, ಆಟಗಾರರ ಬಾಯಿಗೆ ಹೋಯಿತು, ಬೇರೆ ಬೇರೆ ಊರಿನ ಟೂರ್ನಿಗಳ ಊಟದ ಮೇಜಿಗೆ ಹೋಯಿತು. ಕೊನೆಗೆ ಕ್ಲಬ್ಬಿನವರೇ ತಮ್ಮ ಟೋಪಿಯ ಮೇಲೆ ಕಾಗೆಯ ಚಿತ್ರ ಹೊಲಿಸಿದರು. ನನಗೆ ಹೆಮ್ಮೆಯೋ ಹೆಮ್ಮೆ. ಅಣ್ಣ ಆ ಟೋಪಿಯನ್ನು ಒಂದು ದಿನವೂ ತಲೆಗೆ ಇಡಲಿಲ್ಲ.

ಮೊನ್ನೆ ಮೊನ್ನೆಯ ಮಾತು ಅನಿಸುತ್ತದೆ, ಅಣ್ಣನಿಗೆ ಎದೆಯ ಕಾಯಿಲೆ ಬಂತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಡಾಕ್ಟರು ಅತ್ತಿಗೆಯನ್ನು ಹೊರಗೆ ಕರೆದು ಮಾತಾಡಿದರು. ಅತ್ತಿಗೆ ಒಳಗೆ ಬಂದು ಅಣ್ಣನ ಹೊದಿಕೆ ಸರಿಮಾಡಿದರು. ಅವನಿಗೆ ಅಷ್ಟರಲ್ಲೇ ಗೊತ್ತಾಯಿತು.

ಆ ವರ್ಷವೇ ಟೂರ್ನಿಯ ಹಬ್ಬದಂಥ ವರ್ಷ. ಶುರುವಾಗಿ ಬಹಳ ಕಾಲವಾಯಿತು ಅಂತ ಹಳೆಯ ಆಟಗಾರರನ್ನೆಲ್ಲ ಕರೆಸುತ್ತಿದ್ದರು. ಗಡಿಯಾರದವರೂ ಬರುತ್ತಾರೆ ಅಂತ ಕ್ಲಬ್ಬಿನ ಮ್ಯಾನೇಜರ್ ಮೇಡಂ ಹೇಳಿದರು. ನಾನು ಓಡಿಬಂದು ಅಣ್ಣನಿಗೆ ಹೇಳಿದೆ. ಅವನು ಹಾಸಿಗೆಯಲ್ಲಿ ಎದ್ದು ಕೂತ.

"ನನ್ನ ಕರ್ಕೊಂಡು ಹೋಗ್ತೀಯಾ?"

"ಹೋಗಿ ಏನ್ ಮಾಡ್ತೀಯ? ಮೆಟ್ಟಿಲು ಹತ್ತಕ್ಕಾಗಲ್ಲ ನಿಂಗೆ."

"ಒಂದು ಮಾತು ಹೇಳ್ಬೇಕು. ತಪ್ಪಾಯ್ತು ಸಾರ್ ಅಂತ. ಅವತ್ತು ಹೇಳಕ್ಕೆ ಬಿಡ್ಲಿಲ್ಲ ಅವರು. ಆಯ್ತು ಬಿಡಪ್ಪ ಅಂತ ಅವರ ಬಾಯಲ್ಲಿ ಒಂದು ಮಾತು ಬಂದ್ರೆ ಸಾಕು, ನಾನು ಹಗುರಾಗಿ ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ, ನೀನಿನ್ನೂ ನನ್ನ ಮದುವೆ ಮಾಡಿಸ್ಬೇಕು" ಅಂದೆ. ನನಗೆ ಆಗಲೇ ಮೊಮ್ಮಕ್ಕಳಿದ್ದರು. ಅತ್ತಿಗೆ ಬಾಗಿಲ ಹಿಂದೆ ನಿಂತು ಮೂಗು ಒರೆಸಿಕೊಂಡರು.

ಆ ದಿನ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಅಂಗಿಯೊಳಗೆ ಅವನೇ ಇರಲಿಲ್ಲ, ಅಷ್ಟು ಬಡವಾಗಿದ್ದ. ಹುಲ್ಲಿನ ಗಾಡಿಯ ಮೇಲೆ ನನ್ನ ಪಕ್ಕ ಕೂರಿಸಿಕೊಂಡು ಕಾಗೆ ಮರದ ಹತ್ತಿರ ಇಳಿಸಿದೆ. ಹಳೆಯ ಆಟಗಾರರಿಗೆ ಮೈದಾನ ತೋರಿಸುತ್ತ ಅಲ್ಲಿಗೆ ಕರೆತರುವುದಾಗಿ ಮೇಡಂ ಹೇಳಿದ್ದರು.

ಬಂದರು. ಗಡಿಯಾರದವರ ಕೂದಲು ಹತ್ತಿಯಾಗಿತ್ತು, ಬೆನ್ನು ಮಾತ್ರ ನೆಟ್ಟಗೇ ಇತ್ತು. ಅವರ ಮಗಳು ಕೈ ಹಿಡಿದುಕೊಂಡಿದ್ದಳು. ಅವರ ಹಳೆಯ ಚೀಲ ಅವಳ ಹೆಗಲಲ್ಲಿತ್ತು. ಅವಳು ನನ್ನ ಹತ್ತಿರ ಮೆತ್ತಗೆ ಹೇಳಿದಳು:

"ಅಪ್ಪನಿಗೆ ಈಗೀಗ ಮರೆವು ಜಾಸ್ತಿ. ಯಾರನ್ನಾದ್ರೂ ಗುರುತು ಹಿಡೀದೆ ಹೋದ್ರೆ ಬೇಜಾರು ಮಾಡ್ಕೋಬೇಡಿ."

ಅಣ್ಣ ಎರಡು ಹೆಜ್ಜೆ ಮುಂದೆ ಹೋಗಿ ಕೈ ಮುಗಿದು ನಿಂತ. ಉಸಿರು ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಆ ಮುದುಕರು ಮರದ ಕಡೆ ತಲೆ ಎತ್ತಿದರು. ಮುಖವೆಲ್ಲ ಅರಳಿತು.

"ಇದೇ ಮರ ಅಲ್ವಾ? ಆ ಕಾಗೆ ಇನ್ನೂ ಇದೆಯಾ?"

ಸುತ್ತ ಇದ್ದವರೆಲ್ಲ ನಕ್ಕರು. ಮೇಡಂ ತಮ್ಮ ಟೋಪಿ ತೆಗೆದು ಕಾಗೆಯ ಚಿತ್ರ ತೋರಿಸಿದರು.

"ನನ್ನ ಚೆಂಡು ಎತ್ಕೊಂಡು ಹೋಗಿ ಗೂಡಲ್ಲಿಟ್ಟು ಕಾವು ಕೊಟ್ತು ನೋಡಿ" ಅಂದರು ಗಡಿಯಾರದವರು. "ನನ್ನ ಕಣ್ಣಾರೆ ನೋಡ್ದೆ. ಅದಕ್ಕೇ ಸೋತೆ ನಾನು."

ಅಣ್ಣ ತಿರುಗಿ ನನ್ನ ಮುಖ ನೋಡಿದ. ಅವನನ್ನು ಕಾಪಾಡಲು ಅಂತ ನಾನು ಕಟ್ಟಿದ ಕತೆ ಊರೂರು ಸುತ್ತಿ, ಈ ಮುದುಕರ ತಲೆಯೊಳಗೆ ಹೋಗಿ, ಅಲ್ಲಿದ್ದ ಅಣ್ಣನನ್ನೇ ಹೊರಗೆ ಹಾಕಿ ಕೂತಿತ್ತು.

ಮುದುಕರು ಇನ್ನೂ ಮರವನ್ನೇ ನೋಡುತ್ತಿದ್ದರು. ಉತ್ತರಕ್ಕೆ ಕಾಯುವ ಮಕ್ಕಳ ಹಾಗೆ.

"ಇದೆ ಸಾರ್" ಅಂದ ಅಣ್ಣ. "ಮುದಿಯಾಗಿದೆ. ನೀವು ಬರ್ತೀರ ಅಂತ ಕಾಯ್ತಾ ಇತ್ತು."

"ಹೌದಾ?"

"ಹೌದು ಸಾರ್. ಅವತ್ತಿಂದ ಅದಕ್ಕೆ ನೆಮ್ಮದಿ ಇಲ್ಲ. ತಪ್ಪಾಯ್ತು ಅಂತ ಹೇಳಕ್ಕೆ ಅದಕ್ಕೆ ಬಾಯಿ ಬರ್ಲಿಲ್ಲ."

ಜನ ಮತ್ತೆ ನಕ್ಕರು. ಮುದುಕರು ನಗಲಿಲ್ಲ. ಏನೋ ಹುಡುಕುವ ಹಾಗೆ ಅಣ್ಣನ ಮುಖವನ್ನೇ ನೋಡಿದರು. ಇನ್ನೇನು ಗುರುತು ಸಿಕ್ಕೇಬಿಟ್ಟಿತು ಅಂದುಕೊಂಡೆ. ಆಮೇಲೆ ಆ ನೋಟ ಜಾರಿಹೋಯಿತು.

"ಪಾಪ. ಅದಕ್ಕೇನ್ ಗೊತ್ತಾಗತ್ತೆ, ಕಾಗೆ ಅದು. ನಂಗೇನೂ ಬೇಜಾರಿಲ್ಲ ಅಂತ ಹೇಳ್ಬಿಡಿ ಅದಕ್ಕೆ."

"ಹೇಳ್ತೀನಿ ಸಾರ್."

ಮಗಳು ಹೊರಡೋಣ ಅಂದಳು. ಅಣ್ಣ ಅವಳ ಹೆಗಲ ಮೇಲಿನ ಚೀಲಕ್ಕೆ ಕೈ ನೀಡಿದ. ಕಾರಿನವರೆಗೆ ಹೊರಬೇಕು ಅಂತ ಅವನಿಗೆ ಆಸೆ. ಹೊರುವ ಶಕ್ತಿ ಎಲ್ಲಿತ್ತೋ ದೇವರೇ ಬಲ್ಲ. ಚೀಲದ ಪಟ್ಟಿ ಅವನ ಕೈಗೆ ಸಿಕ್ಕಿತು ಕೂಡ. ಆದರೆ ಮುದುಕರು ಅವನ ಇಸ್ತ್ರಿ ಅಂಗಿ, ಉಬ್ಬಸ ಎಲ್ಲ ನೋಡಿ, ಮೆಲ್ಲಗೆ ಅವನ ಬೆರಳು ಬಿಡಿಸಿದರು.

"ಬೇಡಪ್ಪ, ನಿಮಗೆ ಹುಷಾರಿಲ್ಲ. ನಾನೇ ತಗೋತೀನಿ."

ಚೀಲ ಹೆಗಲಿಗೆ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದರು. ಸೋತ ಆ ಸಂಜೆ ನಡೆದಿದ್ದ ಹಾಗೇ.

ವಾಪಸ್ಸು ಬರುವಾಗ ಗಾಡಿಯನ್ನು ಹಗುರವಾಗಿ ಓಡಿಸಿದೆ. ಏನಾದರೂ ಹೇಳಬೇಕಲ್ಲ.

"ನೋಡಿದ್ಯಾ, ಬೇಜಾರಿಲ್ಲ ಅಂದ್ರು. ನಿನ್ನ ಕೆಲಸ ಆಯ್ತಲ್ಲ" ಅಂದೆ.

"ಕಾಗೆನ ಕ್ಷಮಿಸಿದ್ರು ಕಣೋ" ಅಂದ ಅಣ್ಣ. "ನಾನು ಅವರಿಗೆ ಗೊತ್ತೇ ಇಲ್ಲ."

"ನಾನು ಹೇಳ್ಬಿಡ್ಬೇಕಿತ್ತಾ? ಇದು ನಮ್ಮಣ್ಣ, ಇವನ ಕಾಲು ತಾಗಿದ್ದು ಅಂತ?"

"ಯಾಕೆ? ಇಷ್ಟು ವರ್ಷ ಆದ್ಮೇಲೆ ನಗ್ತಾ ಇದಾರೆ ಮನುಷ್ಯ. ಸೋತಿದ್ದೇ ತಮಾಷೆ ಆಗೋಗಿದೆ ಅವರಿಗೆ. ಅದನ್ನೂ ತುಳೀಲಾ?"

ಮನೆಗೆ ಬಂದು ಅಂಗಿ ಬಿಚ್ಚಿ ಅತ್ತಿಗೆ ಹೊಡೆದಿದ್ದ ಆ ಮೊಳೆಗೆ ಸಿಕ್ಕಿಸಿದ. "ಏನಂದ್ರು?" ಅಂತ ಅತ್ತಿಗೆ ಕೇಳಿದರು. "ಬೇಜಾರಿಲ್ಲ ಅಂದ್ರು" ಅಂದ. ಅತ್ತಿಗೆಯ ಮುಖ ಬೆಳಗಿತು. ಅವತ್ತು ಅವನು ಅವರ ಮುಂದೆ ಪೂರ್ತಿ ಊಟ ಮಾಡಿದ. ಹಸಿವಿಗಲ್ಲ ಅಂತ ನನಗೊಬ್ಬನಿಗೆ ಗೊತ್ತಿತ್ತು. ಚಳಿ ಶುರುವಾಗುವ ಮುಂಚೆ ಹೋಗಿಬಿಟ್ಟ. ಅಂಗಿ ಆ ಮೊಳೆಯಲ್ಲೇ ಇದೆ, ಅತ್ತಿಗೆ ತೆಗೆಯಲು ಬಿಡುವುದಿಲ್ಲ.

ಈ ವರ್ಷದ ಟೂರ್ನಿಗೆ ಹೊಸ ಕ್ಯಾಡಿಗಳು ಬಂದರು. ಶೆಡ್ಡು ತುಂಬಿತ್ತು. ಮೇಕೆ ಆಯಿತು, ಡೇರೆ ಆಯಿತು, ಕಾಗೆ ಕತೆ ಅಂದರು. ನಾನು ಲೋಟ ಕೆಳಗಿಟ್ಟೆ.

"ಕಾಗೆ ಗೀಗೆ ಏನಿರ್ಲಿಲ್ಲ" ಅಂದೆ. "ನಮ್ಮಣ್ಣ ಚೆಂಡು ತುಳಿದ. ಯಾರೂ ನೋಡಿರ್ಲಿಲ್ಲ. ತಾನೇ ಬಾಯಿಬಿಟ್ಟು ಹೇಳ್ದ. ಅದಕ್ಕೇ ಅವರು ಸೋತಿದ್ದು."

ಎಲ್ಲರೂ ಇನ್ನೂ ಇದೆ ಅಂತ ಕಾದರು.

"ಅಷ್ಟೇನಾ?" ಅಂದ ಒಬ್ಬ.

"ಯಾರೂ ನೋಡ್ದೆ ಇದ್ರೂ ಹೇಳ್ದನಂತೆ" ಅಂತ ಇನ್ನೊಬ್ಬ ಪಕ್ಕದವನ ತೊಡೆ ತಟ್ಟಿದ. "ಮೇಕೆನಾದ್ರೂ ನಂಬಬಹುದು, ಇದನ್ನ ನಂಬಕ್ಕಾಗಲ್ಲ. ಯಜಮಾನ್ರಿಗೆ ವಯಸ್ಸಾಯ್ತು, ಸುಳ್ಳಲ್ಲಿ ಮೊದಲಿನ ರುಚಿ ಇಲ್ಲ."

"ನಿಜ ಕಣ್ರೋ" ಅಂದೆ. ಅದಕ್ಕೇ ಎಲ್ಲಕ್ಕಿಂತ ಜೋರಾಗಿ ನಕ್ಕರು.

ನಾನು ಎದ್ದು ಗಾಡಿಯ ಕಡೆ ಹೊರಟೆ. ಹಿಂದೆ ಯಾರೋ ಆಗಲೇ ಕಾಗೆಯ ಕತೆ ಶುರು ಮಾಡಿದ್ದ. ಅತ್ತೆ ಕಾಗೆ ಹಂಗಿಸಿದ್ದು, ಗೂಡು, ನನ್ನ ಬಾಯಲ್ಲಿದ್ದ ಬನ್ನು, ಎಲ್ಲ ಸರಿಯಾಗಿಯೇ ಹೇಳಿದ. ಕೊನೆಗೆ ದನಿ ತಗ್ಗಿಸಿ, "ಆಮೇಲೆ ಆ ಕಾಗೆಗೆ ನೆಮ್ಮದಿನೇ ಇರ್ಲಿಲ್ಲವಂತೆ. ಅವರು ಬರ್ತಾರೆ ಅಂತ ಆ ಮರದಲ್ಲೇ ಕಾದೂ ಕಾದೂ, ಬಂದು ಹೋದ್ಮೇಲೆ ಸತ್ತುಹೋಯ್ತಂತೆ" ಅಂದ. ಶೆಡ್ಡು ಒಂದು ಗಳಿಗೆ ಸುಮ್ಮನಾಯಿತು.

ಅಷ್ಟನ್ನು ನಾನು ಸೇರಿಸಿದ್ದಲ್ಲ.